ಏಳೋ ಒಂದೋ: ಒಂದು ಹಳ್ಳಿ ಸ್ಮಶಾನದ ಸಮಾಧಿಕಲ್ಲುಗಳನ್ನು ದಾಖಲಿಸಿದ ಪ್ರಕರಣ

ನಮ್ಮ ಕೈಗೆ ಬಂದ ವಂಶವೃಕ್ಷದಲ್ಲಿ ಒಬ್ಬ ಗಂಡಸಿಗೆ ಒಂದೇ ಹೆಸರಿನ ಇಬ್ಬರು ಹೆಂಡತಿಯರಿದ್ದರು. ಮೊದಲನೆಯವಳು 1824ರಲ್ಲಿ ಹುಟ್ಟಿ 1871ರಲ್ಲಿ ತೀರಿಕೊಂಡವಳು. ಎರಡನೆಯವಳು ಹುಟ್ಟಿದ್ದು 1830ರಲ್ಲಿ, ಸಾವಿನ ದಿನಾಂಕದ ಜಾಗ ಖಾಲಿ. ಆರು ಮಕ್ಕಳಲ್ಲಿ ಐವರು ಮೊದಲನೆಯವಳ ಕೆಳಗೆ, 1872ರಲ್ಲಿ ಹುಟ್ಟಿದ ಕಿರಿಯವನೊಬ್ಬ ಎರಡನೆಯವಳ ಕೆಳಗೆ. ನಮ್ಮನ್ನು ಹುಡುಕಿಕೊಂಡು ಬಂದಾಕೆ ಆ ಕಿರಿಯವನ ಮರಿಮಗಳು. ಅವರು ಕೇಳಿದ್ದು ಇಷ್ಟೇ: ‘ನನ್ನ ಮುತ್ತಾತನ ತಾಯಿಯ ಸಮಾಧಿ ಎಲ್ಲಿದೆ? ಮೊದಲನೆಯವಳ ಕಲ್ಲು ಆ ಸ್ಮಶಾನದಲ್ಲಿದೆಯಂತೆ. ಎರಡನೆಯವಳದ್ದೂ ಅಲ್ಲೇ ಎಲ್ಲೋ ಇರಬೇಕಲ್ಲವೇ?’

ಮನೆಯವರ ಕೋರಿಕೆಯಂತೆ ಇಲ್ಲಿ ಯಾರ ಹೆಸರನ್ನೂ ಊರಿನ ಹೆಸರನ್ನೂ ಬರೆದಿಲ್ಲ. ಉಳಿದದ್ದೆಲ್ಲ ನಡೆದಂತೆಯೇ ಇದೆ, ನಾನು ಮಾಡಿದ ತಪ್ಪೂ ಸೇರಿ.

ಅವರ ಹತ್ತಿರ ಕಾಗದಗಳು ಮೂರಿದ್ದವು. ಒಂದು, ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಪುಸ್ತಕದ ನಕಲು: ಆ ಹೆಸರಿನ ಹೆಣ್ಣುಮಗು 1830ರ ಸೆಪ್ಟೆಂಬರ್ 22ರಂದು ಹುಟ್ಟಿದ್ದು. ಎರಡು, ಕಿರಿಯವನ ಜನನದ ದಾಖಲೆ, ತಾಯಿಯ ಹೆಸರಿನ ಸಮೇತ. ಮೂರು, ಗಂಡನ ತಮ್ಮ 1874ರಲ್ಲಿ ಬರೆದ ಪತ್ರ. ಕೊನೆಯಲ್ಲಿ ಅತ್ತಿಗೆಯ ಆರೋಗ್ಯ ವಿಚಾರಿಸಿದ್ದಾನೆ. 1871ರಲ್ಲಿ ಸತ್ತವಳು 1872ರಲ್ಲಿ ಹೆರಲಾರಳು, 1874ರಲ್ಲಿ ಅವಳ ಆರೋಗ್ಯವನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಎರಡನೆಯ ಮದುವೆ ಆಗಿರಲೇಬೇಕು ಎಂದು ಮನೆಯವರು ನಿರ್ಧರಿಸಿದ್ದರು. ಆ ಮದುವೆಯ ದಾಖಲೆ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಪುಸ್ತಕದ ಹಾಳೆ ಕಳೆದುಹೋಗಿರಬೇಕು ಎಂದುಕೊಂಡು ಮೂವತ್ತು ವರ್ಷ ಸುಮ್ಮನಿದ್ದರು. ಅದರಲ್ಲಿ ಅವರ ತಪ್ಪೇನೂ ಕಾಣದು. ಒಂದೇ ಹೆಸರು ಆ ಕಾಲದಲ್ಲಿ ಹತ್ತು ಮನೆಯಲ್ಲಿರುತ್ತಿತ್ತು.

ಸ್ಮಶಾನ ಮತ್ತು ಹಳೆಯ ಪಟ್ಟಿ

ಊರ ಹೊರಗಿನ ಇಳಿಜಾರು. ಮೊಣಕಾಲೆತ್ತರದ ಕಲ್ಲುಗೋಡೆ, ಒಂದು ಮೂಲೆ ಕುಸಿದಿದೆ. ನಿಂತ ಕಲ್ಲು, ವಾಲಿದ ಕಲ್ಲು, ಬಿದ್ದು ಹುಲ್ಲಿನಡಿ ಸೇರಿದ ಕಲ್ಲು ಎಲ್ಲ ಸೇರಿ ನಮ್ಮ ಎಣಿಕೆಗೆ 163. ಹಲವು ವರ್ಷಗಳ ಹಿಂದೆ ಯಾರೋ ಶ್ರದ್ಧೆಯಿಂದ ಮಾಡಿದ್ದ ಒಂದು ಪಟ್ಟಿ ಆಗಲೇ ಇತ್ತು, ಅದರಲ್ಲಿ 141 ಹೆಸರು. ಅಂತರ್ಜಾಲದಲ್ಲಿ ಹರಿದಾಡುತ್ತಿದ್ದ ವಂಶವೃಕ್ಷಕ್ಕೆ ಆಧಾರ ಆ ಪಟ್ಟಿಯೇ.

ಆ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿದ್ದರು. ಹೆಸರು ಹುಡುಕುವವರಿಗೆ ಅದು ಅನುಕೂಲವೇ. ಆದರೆ ಸ್ಮಶಾನದಲ್ಲಿ ಯಾರ ಪಕ್ಕ ಯಾರು ಮಲಗಿದ್ದಾರೆ ಎಂಬುದು ವಂಶ ಹುಡುಕುವವರಿಗೆ ಹೆಸರಿನಷ್ಟೇ ಮುಖ್ಯ. ಮದುವೆಯಾಗಿ ಮನೆತನದ ಹೆಸರು ಬದಲಾದ ಮಗಳು ತವರಿನವರ ಪಕ್ಕದಲ್ಲೇ ಇರಬಹುದು. ಒಂದು ವಾರ ಮಾತ್ರ ಬದುಕಿದ ಮಗುವಿನ ಪುಟ್ಟ ಕಲ್ಲು ತಾಯಿಯ ಬಲಗಡೆ ಇರಬಹುದು. ಅಕಾರಾದಿಗೆ ತಂದ ಕೂಡಲೇ ಇವರೆಲ್ಲ ಚೆದುರಿಹೋಗುತ್ತಾರೆ, ಮತ್ತೆ ಒಟ್ಟುಗೂಡಿಸಲು ಆ ಪಟ್ಟಿಯಿಂದ ಸಾಧ್ಯವೇ ಇಲ್ಲ. ಆದ್ದರಿಂದ ಒಂದು ಸಮಾಧಿ ಹುಡುಕುವ ಕೆಲಸವನ್ನು ಇಡೀ ಸ್ಮಶಾನ ದಾಖಲಿಸುವ ಕೆಲಸವಾಗಿ ಮಾಡಿಕೊಂಡೆವು. ಸ್ಥಳ ನೋಡಿಕೊಳ್ಳುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು. ಫೋಟೊ, ಅಳತೆ, ನಕ್ಷೆಗೆ ಒಪ್ಪಿದರು. ಅಗೆಯುವುದು, ಕಲ್ಲು ಎತ್ತುವುದು, ತೊಳೆಯುವುದು ಕೇಳದೆ ಕೂಡದು ಎಂದರು. ಅವರು ಹೇಳದಿದ್ದರೂ ನಾವು ಆ ಗೆರೆ ದಾಟುತ್ತಿರಲಿಲ್ಲ.

ನಕ್ಷೆಗೆ ಫೋನಿನ ಜಿಪಿಎಸ್ ನೆಚ್ಚಿಕೊಳ್ಳುವಂತಿರಲಿಲ್ಲ. ಸಮಾಧಿಕಲ್ಲುಗಳ ಫೋಟೊ ಸಂಗ್ರಹಿಸುವ ಬಿಲಿಯನ್‌ಗ್ರೇವ್ಸ್‌ನಂಥ ಅಂತರ್ಜಾಲ ತಾಣಗಳು 2011ರಿಂದ ಫೋಟೊದ ಜೊತೆಗೇ ಜಾಗದ ಗುರುತನ್ನೂ ಸೇರಿಸಿಡುತ್ತಿವೆ. ಒಂದು ಸ್ಮಶಾನವನ್ನು ಹುಡುಕಿಕೊಂಡು ಹೋಗಲು ಅದು ದೊಡ್ಡ ಉಪಕಾರ. ಆದರೆ ಬಯಲಿನಲ್ಲೂ ಫೋನು ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಒಂದು ಸಮಾಧಿಗೂ ಇನ್ನೊಂದಕ್ಕೂ ಇರುವ ಅಂತರ ಒಂದೋ ಎರಡೋ ಮೀಟರ್. ಆದ್ದರಿಂದ ಗೋಡೆಯ ಗಟ್ಟಿಯಾದ ಎರಡು ಮೂಲೆಗಳ ನಡುವೆ ಹಗ್ಗ ಎಳೆದು, ಅದರಿಂದ ಪ್ರತಿ ಕಲ್ಲಿಗೂ ಟೇಪಿನಲ್ಲಿ ಅಳೆದೆವು. ಸಾಲಿಗೊಂದು ಸಂಖ್ಯೆ, ಸಾಲಿನೊಳಗೆ ಎಡದಿಂದ ಬಲಕ್ಕೆ ಕಲ್ಲಿಗೊಂದು ಸಂಖ್ಯೆ. ಬರಹವಿಲ್ಲದ ಕಲ್ಲಿಗೂ ಸಂಖ್ಯೆ. ಕಲ್ಲೇ ಇಲ್ಲದೆ ನೆಲ ಆಳುದ್ದ ತಗ್ಗಿದ್ದಲ್ಲಿ, ಆ ತಗ್ಗಿಗೂ ಸಂಖ್ಯೆ. ಫೋಟೊ ಕಡತಗಳಿಗೂ ಅದೇ ಹೆಸರು: 4-12 ಎಂದರೆ ನಾಲ್ಕನೇ ಸಾಲಿನ ಹನ್ನೆರಡನೆಯದು.

ಮೊದಲ ದಿನ

ನಾವು ಮೂವರು. ಒಬ್ಬರು ಕಲ್ಲಿನ ಮುಂದೆ ಕೂತು ಗಟ್ಟಿಯಾಗಿ ಓದುವುದು, ಒಬ್ಬರು ಬರೆದುಕೊಳ್ಳುವುದು, ಒಬ್ಬರು ಫೋಟೊ. ಬರೆದದ್ದನ್ನು ಕಲ್ಲಿನ ಮುಂದೆಯೇ ಮತ್ತೆ ಓದಿ ಹೇಳಬೇಕು, ಕೂತವರು ಕಲ್ಲಿನ ಮೇಲೆ ಬೆರಳಾಡಿಸುತ್ತ ಹೌದು ಎನ್ನಬೇಕು. ಆಮೇಲೆ ಹಿಂಬದಿ, ಎರಡೂ ಪಕ್ಕ, ಪೀಠ ನೋಡಬೇಕು. ಪೀಠದ ಕೆಳ ಅಂಚಿನಲ್ಲಿ ಒಮ್ಮೊಮ್ಮೆ ಕಲ್ಲು ಕೆತ್ತಿದವನ ಹೆಸರು ಸಣ್ಣಗೆ ಇರುತ್ತದೆ. ಅವನು ಯಾವ ವರ್ಷಗಳಲ್ಲಿ ಕೆಲಸ ಮಾಡುತ್ತಿದ್ದ ಎಂದು ಬೇರೆ ಕಡೆಯಿಂದ ತಿಳಿದರೆ ಕಲ್ಲು ನಿಲ್ಲಿಸಿದ ಕಾಲ ಗೊತ್ತಾಗುತ್ತದೆ. ಸಾವಿನ ವರ್ಷವೂ ಕಲ್ಲು ನಿಲ್ಲಿಸಿದ ವರ್ಷವೂ ಒಂದೇ ಆಗಿರಬೇಕಿಲ್ಲ. ಹತ್ತು ವರ್ಷಗಳ ಅಂತರದಲ್ಲಿ ಸತ್ತ ಮೂವರ ಹೆಸರು ಒಂದೇ ಕೈಯ ಅಕ್ಷರದಲ್ಲಿ, ಒಂದೇ ಆಳದಲ್ಲಿ, ಒಂದೇ ಜೋಡಣೆಯಲ್ಲಿ ಕಂಡರೆ, ಕೊನೆಯವರು ಸತ್ತ ಮೇಲೆ ಒಟ್ಟಿಗೆ ಕೆತ್ತಿಸಿದ್ದು ಎಂದು ತಿಳಿಯಬೇಕು. ಅಂಥ ಕಲ್ಲಿನ ಮೊದಲ ದಿನಾಂಕ ಹತ್ತು ವರ್ಷದ ನೆನಪಿನಿಂದ ಬಂದದ್ದು.

ಬರೆದುಕೊಳ್ಳುವ ರೀತಿಗೆ ನಮ್ಮದು ಒಂದೇ ನಿಯಮ: ಕಲ್ಲಿನ ಮೇಲೆ ಇದ್ದದ್ದು ಇದ್ದಂತೆ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ. ಸಾಲು ಮುರಿದಲ್ಲಿ ಒಂದು ಓರೆಗೆರೆ. ಅರ್ಧ ಕಂಡ ಅಕ್ಷರ ಚೌಕ ಆವರಣದೊಳಗೆ, ಕಾಣದ ಅಕ್ಷರಕ್ಕೆ ಒಂದೊಂದು ಚುಕ್ಕಿ. ಶಾಸನ ಓದುವವರು ತ್ರುಟಿತ ಭಾಗಗಳನ್ನು ಗುರುತಿಸುವ ಕ್ರಮ ಇದೇ, ನಾವು ಹೊಸದಾಗಿ ಕಂಡುಹಿಡಿದದ್ದೇನೂ ಇಲ್ಲ. ‘ತಪ್ಪು ಅಂತ ಗೊತ್ತಿದ್ದರೂ ಯಾಕೆ ತಿದ್ದಬಾರದು’ ಎಂದು ಜೊತೆಯವರೊಬ್ಬರು ಕೇಳಿದರು. ಅವರಿಗೆ ಹೇಳಿದ ಉದಾಹರಣೆ ಇದು. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಅಧಿಕೃತವಾಗಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಕಾಲದಲ್ಲಿ ಜನವರಿಯಲ್ಲಿ ಸತ್ತವರ ಕಲ್ಲಿನ ಮೇಲೆ 1742/3 ಎಂದು ಜೋಡಿ ವರ್ಷ ಕಾಣಸಿಗುತ್ತದೆ: ಮಾರ್ಚಿನ ಲೆಕ್ಕಕ್ಕೆ 1742, ಜನವರಿಯ ಲೆಕ್ಕಕ್ಕೆ 1743. ತಿಳಿಯದವರು ಅದನ್ನು ಕೆತ್ತಿದವನ ಗೊಂದಲ ಎಂದು ಭಾವಿಸಿ ಒಂದು ವರ್ಷ ಅಳಿಸಿಬಿಟ್ಟರೆ, ಮುಂದಿನವರಿಗೆ ಅಲ್ಲೊಂದು ಪ್ರಶ್ನೆ ಇತ್ತು ಎಂಬ ಸುಳಿವೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದವನು ನಾನೇ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ಸಾಲಿಗೆ ಬಂದಾಗ ನನ್ನ ಕೈಯಲ್ಲಿ ಹಳೆಯ ಪಟ್ಟಿಯ ಪ್ರತಿ ಇತ್ತು. ಓದುವ ಸರದಿ ನನ್ನದು. 4-12ರ ಮುಂದೆ ಕೂತೆ. ನಾವು ಹುಡುಕುತ್ತಿದ್ದ ಮನೆತನದ ಹೆಸರು ಕಂಡಿತು. ಪಟ್ಟಿ ನೋಡಿದೆ, ‘ಮಾರ್ಚ್ 14, 1871’ ಎಂದಿತ್ತು. ಕಲ್ಲು ನೋಡಿದೆ, 1871 ಎಂದೇ ಕಂಡಿತು. ಹಾಗೇ ಓದಿ ಹೇಳಿದೆ, ಅವರು ಹಾಗೇ ಬರೆದುಕೊಂಡರು. ಚೌಕ ಆವರಣ ಹಾಕಿಸಲಿಲ್ಲ. ಕಣ್ಣು ನೋಡುವ ಮೊದಲೇ ಮನಸ್ಸು ಓದಿ ಮುಗಿಸಿತ್ತು. ಈಗ ನಾವು ಹಳೆಯ ಪಟ್ಟಿಯನ್ನು ಸ್ಮಶಾನದೊಳಗೆ ಒಯ್ಯುವುದೇ ಇಲ್ಲ. ಎಲ್ಲ ಕಲ್ಲು ಓದಿ ಮುಗಿದ ಮೇಲೆ ಹೊರಗೆ ಕೂತು ತಾಳೆ ನೋಡುತ್ತೇವೆ.

4-12

ಸೊಂಟದೆತ್ತರದ ಬಿಳಿ ಅಮೃತಶಿಲೆ, ಮೇಲಂಚು ಕಮಾನಿನಂತೆ, ಎರಡೂ ಬದಿಗೆ ಭುಜ. ಮುಖ ಪೂರ್ವಕ್ಕೆ. ಅಂಗೈ ಸವರಿದರೆ ಮರಳಿನ ಹರಳಿನಂತೆ ಪುಡಿ ಅಂಟಿಕೊಳ್ಳುತ್ತದೆ. ಅಮೃತಶಿಲೆಯ ಗುಣವೇ ಅದು. ಅದು ಕ್ಯಾಲ್ಸಿಯಂ ಕಾರ್ಬೊನೇಟು. ಮಳೆನೀರಿನಲ್ಲಿ ಯಾವಾಗಲೂ ಇರುವ ತುಸು ಆಮ್ಲ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ, ಹರಳುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಸ್ಲೇಟಿನ ಕಲ್ಲು ಹೀಗಲ್ಲ, ನೂರೈವತ್ತು ವರ್ಷದ ಕೂದಲೆಳೆಯ ಗೆರೆಯೂ ಅದರಲ್ಲಿ ನಿಲ್ಲುತ್ತದೆ. ಮರಳುಗಲ್ಲು ಇನ್ನೊಂದು ಬಗೆ: ವರ್ಷಾನುಗಟ್ಟಲೆ ಚೆನ್ನಾಗಿದ್ದು ಒಂದು ದಿನ ಬರಹದ ಸಮೇತ ಪದರವೇ ಕಳಚಿ ಬೀಳುತ್ತದೆ. ಯಾವ ಕಲ್ಲನ್ನು ಮೊದಲು ದಾಖಲಿಸಬೇಕು ಎಂಬುದನ್ನು ನಾವು ಇದನ್ನು ನೋಡಿಯೇ ತೀರ್ಮಾನಿಸುತ್ತೇವೆ. ಪಕ್ಕದ ಸಾಲಿನಲ್ಲಿ ಸೀಸದ ಅಕ್ಷರದ ಕಲ್ಲೊಂದಿತ್ತು. ಅಕ್ಷರಗಳು ಅರ್ಧಕ್ಕರ್ಧ ಉದುರಿದ್ದವು. ಸೀಸವನ್ನು ಹಿಡಿದಿಡಲು ಕಲ್ಲಿಗೆ ಕೊರೆದಿದ್ದ ಸಣ್ಣ ತೂತುಗಳು ಮಾತ್ರ ಹಾಗೇ ಇದ್ದವು, ಒಂದೊಂದು ಅಕ್ಷರಕ್ಕೆ ಒಂದೊಂದು ವಿನ್ಯಾಸ. ಉಳಿದ ಅಕ್ಷರಗಳ ತೂತುಗಳ ಜೊತೆ ಹೋಲಿಸುತ್ತ ಹೋದಾಗ, ಉದುರಿದ ಹೆಸರು ಒಂದೂವರೆ ಗಂಟೆಯಲ್ಲಿ ಪೂರ್ತಿ ಸಿಕ್ಕಿತು. ಆ ದಿನದ ದೊಡ್ಡ ಸಂತೋಷ ಅದೇ ಆಗಿತ್ತು.

4-12ನ್ನು ನಾವು ತೊಳೆಯಲಿಲ್ಲ. ಪುಡಿ ಬಿಡುವ ಕಲ್ಲಿಗೆ ಮೆತ್ತನೆಯ ಬ್ರಶ್ಶೂ ಹೆಚ್ಚೇ. ಗಟ್ಟಿ ಕಲ್ಲಾದರೆ ಬರೀ ನೀರು, ಮೆತ್ತನೆಯ ಬ್ರಶ್ಶು, ಕೆಳಗಿನಿಂದ ಮೇಲಕ್ಕೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವವರು, ಹಿಟ್ಟು ಬಳಿಯುವವರು, ಗಡ್ಡದ ನೊರೆ ಹಚ್ಚಿ ಒರೆಸುವವರು ಈಗಲೂ ಇದ್ದಾರೆ, ಅವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೀಮೆಸುಣ್ಣ ಸವೆದ ಮೈಯನ್ನು ಗೀರುತ್ತದೆ, ಹಿಟ್ಟು ಬೂಷ್ಟಿಗೆ ಆಹಾರ, ನೊರೆಯಲ್ಲಿ ಸ್ಟಿಯರಿಕ್ ಆಮ್ಲವಿರುತ್ತದೆ. ಬ್ಲೀಚು ಉಪ್ಪನ್ನು ಕಲ್ಲಿನೊಳಗೆ ಬಿಟ್ಟುಹೋಗುತ್ತದೆ, ಅದು ಹರಳುಗಟ್ಟಿ ಒಳಗಿನಿಂದ ಸೀಳುತ್ತದೆ. ತಂತಿ ಬ್ರಶ್ಶಿನ ಮಾತು ಬೇಡವೇ ಬೇಡ. ಕಲ್ಲುಹೂವನ್ನು ಕೆರೆದು ತೆಗೆದರೆ ಅದರ ಜೊತೆ ಕಲ್ಲಿನ ಮೈಯೂ ಬರುತ್ತದೆ. ಆ ಕಲ್ಲುಹೂವೂ ಒಂದು ದಾಖಲೆಯೇ: ಅದು ವರ್ಷಕ್ಕೆ ಎಷ್ಟು ಹರಡುತ್ತದೆ ಎಂದು ಲೆಕ್ಕ ಹಾಕಿ ಬಂಡೆಗಳ ವಯಸ್ಸು ಕಟ್ಟುವ ವಿಧಾನವನ್ನು 1950ರ ಸುಮಾರಿಗೆ ರೂಪಿಸಿದ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೋಲಾಂಡ್ ಬೆಶೆಲ್, ಅಳತೆಗೆ ಆಧಾರ ಮಾಡಿಕೊಂಡದ್ದು ದಿನಾಂಕವಿರುವ ಸಮಾಧಿಕಲ್ಲುಗಳನ್ನೇ.

ಹಾಗಾದರೆ ಸವೆದ ಬರಹ ಓದುವುದು ಹೇಗೆ? ಬೆಳಕಿನಿಂದ. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಓರೆ ಬೆಳಕಾದರೆ ಗೀರಿಗೊಂದು ನೆರಳು ಹುಟ್ಟಿ ಅಕ್ಷರ ಏಳುತ್ತದೆ. ಪೂರ್ವಕ್ಕೆ ಮುಖವಿರುವ ಕಲ್ಲಿಗೆ ಅಂಥ ಬಿಸಿಲು ಸಿಗುವುದು ಸೂರ್ಯ ಕಲ್ಲಿನ ಮುಖದಿಂದ ಬೆನ್ನಿಗೆ ದಾಟುವ ನಡುಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತಿಗೆ ಕನ್ನಡಿ ಬೇಕು. ಒಬ್ಬರು ಕಲ್ಲಿನ ಪಕ್ಕ ನಾಲ್ಕಾರು ಹೆಜ್ಜೆ ದೂರ ನಿಂತು ಆಳೆತ್ತರದ ಕನ್ನಡಿಯಿಂದ ಬಿಸಿಲನ್ನು ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬಿಡುತ್ತಾರೆ. ಮೋಡವಿದ್ದರೆ ಕಪ್ಪು ಬಟ್ಟೆ ಹೊದಿಸಿ ಒಳಗೆ ಟಾರ್ಚು.

ಮೊದಲ ದಿನ 4-12ಕ್ಕೆ ಕನ್ನಡಿ ಹಿಡಿದದ್ದು ಎಡಗಡೆಯಿಂದ. ಹಳೆಯ ಪಟ್ಟಿಯವರ ಫೋಟೊ ಆಮೇಲೆ ನೋಡಲು ಸಿಕ್ಕಿತು, ಅದರಲ್ಲೂ ನೆರಳು ಒಂದೇ ಪಕ್ಕಕ್ಕೆ ಬಿದ್ದಿತ್ತು. ನಮ್ಮಿಬ್ಬರ ತಪ್ಪಿಗೂ ಕಾರಣ ಒಂದೇ.

ಎರಡನೆಯ ಸಲ

ಮನೆಗೆ ಬಂದು ಫೋಟೊಗಳನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡುವಾಗ ಒಂದು ವಿಷಯ ಚುಚ್ಚತೊಡಗಿತು. ವರ್ಷದಲ್ಲಿ ನಾಲ್ಕು ಅಂಕಿ. ಮೊದಲನೆಯ 1 ನೆಟ್ಟಗೆ ನಿಂತಿದೆ. ಮೂರನೆಯದು ಸ್ಪಷ್ಟವಾಗಿ 7, ಅದರ ಕಾಲು ಕೆಳಗೆ ಹೋಗುತ್ತ ಎಡಕ್ಕೆ ವಾಲಿದೆ. ಕೊನೆಯ ಅಂಕಿಯನ್ನು ನಾವು 1 ಎಂದು ಓದಿದ್ದೆವು, ಆದರೆ ಅದರ ಕಾಲು ಮೊದಲ 1ರಂತೆ ನೆಟ್ಟಗಿಲ್ಲ. ಮೂರನೆಯ ಅಂಕಿಯಂತೆ ಎಡಕ್ಕೆ ವಾಲಿದೆ. ಒಂದೇ ಕೈ ಒಂದೇ ಸಾಲಿನಲ್ಲಿ ಎರಡು ಬಗೆಯ 1 ಕೆತ್ತುವುದುಂಟೇ?

ಅದು 7 ಆಗಿದ್ದರೆ ಮೇಲಿರಬೇಕಾದ ಅಡ್ಡ ತಲೆಗೆರೆ ಯಾಕೆ ಕಾಣಲಿಲ್ಲ ಎಂದು ಯೋಚಿಸಿದಾಗ ವಿಷಯ ಬಿಡಿಸಿಕೊಂಡಿತು. ಕೊನೆಯ ಅಂಕಿ ಕಲ್ಲಿನ ಬಲ ಅಂಚಿಗೆ, ಭುಜದಿಂದ ಇಳಿಯುವ ಮಳೆನೀರಿನ ಜಾಡಿನಲ್ಲೇ ಇದೆ. ಅಲ್ಲಿ ಸವೆತ ಹೆಚ್ಚು. ಅದರ ಮೇಲೆ ನಾವು ಬೆಳಕು ಬಿಟ್ಟದ್ದು ಪಕ್ಕದಿಂದ. ಪಕ್ಕದಿಂದ ಬಂದ ಬೆಳಕು ಉದ್ದಗೆರೆಗಳನ್ನು ಎಬ್ಬಿಸುತ್ತದೆ, ಏಕೆಂದರೆ ಅವು ಬೆಳಕಿಗೆ ಅಡ್ಡ ಬರುತ್ತವೆ. ಬೆಳಕು ಹೋಗುವ ದಿಕ್ಕಿನಲ್ಲೇ ಮಲಗಿರುವ ಅಡ್ಡಗೆರೆಯೊಳಗೆ ಅದು ಕಾಲುವೆಯಲ್ಲಿ ನೀರು ಹರಿದಂತೆ ನೇರವಾಗಿ ಹಾದುಹೋಗುತ್ತದೆ, ನೆರಳು ಬೀಳುವುದಿಲ್ಲ. ಆಳವಾಗಿದ್ದ ಮೂರನೆಯ ಅಂಕಿಯ ತಲೆಗೆರೆ ತನ್ನ ತುದಿಗಳಿಂದ ಕಂಡಿತು. ಸವೆದ ನಾಲ್ಕನೆಯದರ ತಲೆಗೆರೆ ಮಾಯವಾಯಿತು. 7 ಎಂಬ ಅಂಕಿಯಲ್ಲಿ ಅಡ್ಡಗೆರೆ ಹೋದರೆ ಉಳಿಯುವುದು 1.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ಕನ್ನಡಿಯನ್ನು ಏಣಿಯ ಮೇಲೆ, ಕಲ್ಲಿನ ನೆತ್ತಿಗಿಂತ ಎತ್ತರದಲ್ಲಿ ಹಿಡಿದು ಬೆಳಕನ್ನು ಮೇಲಿನಿಂದ ಕೆಳಕ್ಕೆ ಇಳಿಸಿದೆವು. ಏಣಿಯನ್ನು ಕಲ್ಲಿಗೆ ಒರಗಿಸಲಿಲ್ಲ. ಹಳೆಯ ಕಲ್ಲು ಮುರಿದು ಮೈಮೇಲೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಮೊದಲಿಗೆ ಏನೂ ಕಾಣಲಿಲ್ಲ. ಕನ್ನಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದಾಗ ಆ ಅಂಕಿಯ ತಲೆಯ ಮೇಲೆ ಕಿರುಬೆರಳ ಉಗುರಿನಗಲದ ಒಂದು ನೆರಳು ಬಂತು, ಕೈ ನಡುಗಿದರೆ ಹೋಯಿತು, ಮತ್ತೆ ಬಂತು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ಇಟ್ಟು, ಬೆಳಕಿನ ದಿಕ್ಕು ಮಾತ್ರ ಬದಲಿಸುತ್ತ ನಲವತ್ತರಷ್ಟು ಫೋಟೊ ತೆಗೆದೆವು. ಹೀಗೆ ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡುವ ವಿಧಾನವನ್ನು 2001ರಲ್ಲಿ ಟಾಮ್ ಮಾಲ್ಝ್‌ಬೆಂಡರ್ ಮತ್ತು ಜೊತೆಗಾರರು ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿದ್ದಾಗ ಪ್ರಕಟಿಸಿದರು. ನಾವು ಮನೆಯಲ್ಲಿ ಅದನ್ನೇ ಮಾಡಿದೆವು. ತಲೆಗೆರೆ ಪೂರ್ತಿ ಕಂಡಿತು. 1877.

ಇಷ್ಟಕ್ಕೇ ಒಪ್ಪಿಕೊಂಡುಬಿಡಲು ನನಗೆ ಮನಸ್ಸಿರಲಿಲ್ಲ. ಮೊದಲ ಸಲ ಕಾಣಬೇಕಾದದ್ದನ್ನೇ ಕಂಡವನು, ಈ ಸಲವೂ ಬೇಕಾದದ್ದನ್ನೇ ಕಂಡಿರಬಹುದಲ್ಲ. ಆದ್ದರಿಂದ ಈ ಪ್ರಕರಣದ ಗಂಧಗಾಳಿಯಿಲ್ಲದ ಇಬ್ಬರಿಗೆ ಆ ಒಂದು ಅಂಕಿಯ ಚಿತ್ರ ಮಾತ್ರ ಕತ್ತರಿಸಿ ಕಳಿಸಿದೆವು. ಇಬ್ಬರೂ 7 ಎಂದರು.

ಇನ್ನೊಂದು ಸಾಕ್ಷಿ ಮಣ್ಣಿನಡಿ ಇತ್ತು. ಕಲ್ಲು ಕಾಲಕ್ರಮದಲ್ಲಿ ಕುಸಿದಿತ್ತು, ಬರಹದ ಕೊನೆಯ ಸಾಲಿನ ಮೇಲ್ತುದಿ ಹುಲ್ಲಿನ ಬೇರಿನ ಹತ್ತಿರ ಇಣುಕುತ್ತಿತ್ತು. ಸ್ಥಳ ನೋಡಿಕೊಳ್ಳುವವರಿಗೆ ಫೋಟೊ ತೋರಿಸಿ ಕೇಳಿದೆವು. ಅವರೇ ಬಂದು ನಿಂತರು. ಹುಲ್ಲಿನ ಹೆಂಟೆಯನ್ನು ಚಾಪೆ ಸುತ್ತಿದಂತೆ ಪಕ್ಕಕ್ಕೆ ಸರಿಸಿ, ಮರದ ಕಡ್ಡಿಯಿಂದ ಮೂರು ಬೆರಳಿನಷ್ಟು ಮಣ್ಣು ತೆಗೆದೆವು. ಮಣ್ಣಿನೊಳಗಿದ್ದ ಭಾಗಕ್ಕೆ ಮಳೆಯ ಹೊಡೆತ ತಾಕಿರಲಿಲ್ಲ. ಅಕ್ಷರಗಳು ನಿನ್ನೆ ಕೆತ್ತಿದಂತಿದ್ದವು. ‘ಬುಧವಾರ ಬೆಳಗಿನ ಜಾವ’ ಎಂದು ಶುರುವಾಗುವ ಒಂದು ಸಾಲು. ಫೋಟೊ ತೆಗೆದು, ಮಣ್ಣು ತುಂಬಿ, ಹುಲ್ಲನ್ನು ಮತ್ತೆ ಹೊದಿಸಿ ತುಳಿದೆವು.

1871ರ ಮಾರ್ಚ್ 14 ಮಂಗಳವಾರ. 1877ರ ಮಾರ್ಚ್ 14 ಬುಧವಾರ. 1870ರಿಂದ 1879ರವರೆಗೆ ಆ ದಿನಾಂಕ ಬುಧವಾರಕ್ಕೆ ಬಿದ್ದದ್ದು 1877ರಲ್ಲಿ ಮಾತ್ರ. ಮೂರನೆಯ ಅಂಕಿ 7 ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲದ್ದರಿಂದ, ನಾಲ್ಕನೆಯದು ಬೇರೇನೂ ಆಗಲು ಸಾಧ್ಯವಿರಲಿಲ್ಲ.

ಎರಡು ದಿನದ ವ್ಯತ್ಯಾಸ

ವಯಸ್ಸಿನ ಸಾಲು ಮೊದಲಿನಿಂದಲೂ ಸ್ಪಷ್ಟ: 46 ವರ್ಷ 5 ತಿಂಗಳು 20 ದಿನ. ಹಳೆಯ ವಂಶವೃಕ್ಷದಲ್ಲಿ ಹುಟ್ಟಿದ ದಿನ 1824ರ ಸೆಪ್ಟೆಂಬರ್ 24 ಎಂದಿತ್ತು. ಅದು ಎಲ್ಲಿಂದ ಬಂತು ಎಂದು ಹುಡುಕಿದಾಗ, ವಂಶಾವಳಿ ಮಾಡುವವರಲ್ಲಿ ಬಳಕೆಯಲ್ಲಿರುವ 8870ರ ಲೆಕ್ಕ ನೆನಪಾಯಿತು. ಸಾವಿನ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂದು ಒಂದೇ ಸಂಖ್ಯೆಯಾಗಿ ಬರೆಯುವುದು: 18710314. ವಯಸ್ಸನ್ನೂ ಹಾಗೇ: 460520. ಕಳೆದರೆ 18249794. ಅದರಿಂದ 8870 ಕಳೆದರೆ 18240924, ಅಂದರೆ 1824ರ ಸೆಪ್ಟೆಂಬರ್ 24.

ಈ 8870 ಮಂತ್ರವೇನಲ್ಲ. ಕಾಗದದ ಮೇಲೆ ಕಳೆಯುವಾಗ ತಿಂಗಳಿಗಾಗಿ ವರ್ಷದಿಂದ ಸಾಲ ತಂದರೆ 100 ಬರುತ್ತದೆ, ಬರಬೇಕಾದದ್ದು 12, ಹೆಚ್ಚಾದದ್ದು 88. ದಿನಕ್ಕಾಗಿ ತಿಂಗಳಿಂದ ಸಾಲ ತಂದರೆ ಮತ್ತೆ 100, ಬರಬೇಕಾದದ್ದು 30; ಹೆಚ್ಚಾದದ್ದು 70. ಎರಡೂ ಸೇರಿ 8870. ಹಾಗಾಗಿ ಎರಡು ಕಡೆಯೂ ಸಾಲ ತಂದಾಗ ಮಾತ್ರ ಇದು ಸರಿ. ದಿನಕ್ಕೆ ಮಾತ್ರ ತಂದಿದ್ದರೆ 70, ತಿಂಗಳಿಗೆ ಮಾತ್ರವಾದರೆ 8800, ಎಲ್ಲೂ ತರದಿದ್ದರೆ ಏನನ್ನೂ ಕಳೆಯಬಾರದು. ಇದನ್ನು ತಿಳಿಯದೆ ಎಲ್ಲದಕ್ಕೂ 8870 ಕಳೆದು, ಇಲ್ಲದ ತಿಂಗಳುಗಳನ್ನು ಹುಟ್ಟಿಸಿದವರನ್ನು ನೋಡಿದ್ದೇನೆ.

ವರ್ಷವನ್ನು 1877 ಎಂದಿಟ್ಟು ಇದೇ ಲೆಕ್ಕ ಮಾಡಿದರೆ 18300924 ಬರುತ್ತದೆ: 1830ರ ಸೆಪ್ಟೆಂಬರ್ 24. ಜ್ಞಾನಸ್ನಾನದ ಪುಸ್ತಕದಲ್ಲಿರುವುದು 22. ಎರಡು ದಿನ ತಪ್ಪಿದ್ದು ಯಾಕೆ? ಈ ಲೆಕ್ಕಕ್ಕೆ ಎಲ್ಲ ತಿಂಗಳೂ ಮೂವತ್ತು ದಿನದವೇ. ಪಂಚಾಂಗ ಹಿಡಿದು ಎಣಿಸಿದರೆ ಬೇರೆ: ಮಾರ್ಚ್ 14ರಿಂದ 20 ದಿನ ಹಿಂದೆ ಹೋದರೆ, ಆ ವರ್ಷದ ಫೆಬ್ರವರಿಗೆ 28 ದಿನವಾದ್ದರಿಂದ, ಫೆಬ್ರವರಿ 22. ಅಲ್ಲಿಂದ 5 ತಿಂಗಳು ಹಿಂದೆ ಸೆಪ್ಟೆಂಬರ್ 22. ಅಲ್ಲಿಂದ 46 ವರ್ಷ ಹಿಂದೆ 1830. ಪುಸ್ತಕದಲ್ಲಿದ್ದ ದಿನಕ್ಕೆ ದಿನ ಹೊಂದಿತು. ಕಲ್ಲಿನ ಮೇಲಿನ ವಯಸ್ಸನ್ನು ಯಾರೋ ಬಹಳ ಜೋಪಾನವಾಗಿ ಎಣಿಸಿ ಕೆತ್ತಿಸಿದ್ದರು.

ಇಂಥ ಹೊಂದಾಣಿಕೆ ಅಪರೂಪ. ಸಮಾಧಿಕಲ್ಲಿನ ಮೇಲೆ ಸಾವಿನ ದಿನ ಸಾಮಾನ್ಯವಾಗಿ ನಂಬುವಂಥದ್ದು, ಕೆತ್ತಿಸಿದವರು ಅದನ್ನು ಕಂಡವರು. ಹುಟ್ಟು, ವಯಸ್ಸು ಎಲ್ಲ ಕೇಳಿದ ಮಾತು; ಎಂಬತ್ತು ದಾಟಿದವರಿಗೆ ನಾಲ್ಕೈದು ವರ್ಷ ಸೇರಿಸಿ ಹೇಳುವುದು ಎಲ್ಲ ಕಡೆಯೂ ಇತ್ತು. ನಮ್ಮ ವರದಿಯಲ್ಲಿ ಹುಟ್ಟಿದ ದಿನಕ್ಕೆ ಆಧಾರವೆಂದು ಜ್ಞಾನಸ್ನಾನದ ಪುಸ್ತಕವನ್ನೇ ಕೊಟ್ಟೆವು, ಕಲ್ಲನ್ನು ಅದಕ್ಕೆ ಬೆಂಬಲವಾಗಿ ಮಾತ್ರ.

ಆಮೇಲೆ

ಒಬ್ಬಳೇ ಹೆಂಡತಿ. 1830ರಲ್ಲಿ ಹುಟ್ಟಿ, ಆರು ಮಕ್ಕಳನ್ನು ಹೆತ್ತು, ಕಿರಿಯವನಿಗೆ ಐದು ವರ್ಷ ತುಂಬುವ ಸುಮಾರಿಗೆ ತೀರಿಕೊಂಡವಳು. ಮದುವೆಯ ಹಾಳೆ ಕಳೆದುಹೋಗಿರಲಿಲ್ಲ, ಆ ಮದುವೆಯೇ ನಡೆದಿರಲಿಲ್ಲ. ಮರಿಮಗಳಿಗೆ ಫೋನು ಮಾಡಿ ಹೇಳಿದಾಗ ಅವರು ಮೊದಲು ಕೇಳಿದ್ದು, ‘ಹಾಗಾದರೆ ಆ ಐವರು ನಮ್ಮ ಮುತ್ತಾತನ ಒಡಹುಟ್ಟಿದವರೇನಾ?’ ಎಂದು. ಮೂವತ್ತು ವರ್ಷ ಆ ಐವರ ಸಂತತಿಯವರನ್ನು ಅವರು ಮಲಸಂಬಂಧದ ಕವಲು ಎಂದು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದರು. ಮುಂದಿನ ತಿಂಗಳು ಹೊಸ ಹಾಳೆಯೊಂದು ಅಂಚೆಯಲ್ಲಿ ಬಂತು. ಆರೂ ಹೆಸರು ಒಂದೇ ಸಾಲಿನಲ್ಲಿದ್ದವು, ಕೈಬರಹದಲ್ಲಿ.

ನಮ್ಮ ದಾಖಲೆಯಲ್ಲಿ 4-12ರ ಮುಂದೆ ಈಗ ಎರಡು ಓದು ಇವೆ. ಹಳೆಯದು ‘1871, ಪಕ್ಕದ ಬೆಳಕು’, ಹೊಸದು ‘187[7], ಮೇಲಿನ ಬೆಳಕು, ವಾರದ ದಿನದಿಂದ ಖಚಿತ’. ಆವರಣ ತೆಗೆದಿಲ್ಲ, ಏಕೆಂದರೆ ಕಲ್ಲಿನ ಮೇಲೆ ಆ ಅಂಕಿ ಅರ್ಧವೇ ಕಾಣುವುದು. ಹಳೆಯ ಓದನ್ನೂ ಅಳಿಸಲಿಲ್ಲ. 1871 ಎಂದು ಬರೆದಿರುವ ವಂಶವೃಕ್ಷಗಳು ಇನ್ನೂ ಹಲವು ಕಡೆ ಇವೆ, ಅವನ್ನು ನೋಡಿ ಬಂದವರಿಗೆ ಆ ವರ್ಷ ಹೇಗೆ ಹುಟ್ಟಿತು ಎಂದು ತಿಳಿಯಬೇಕು. ಹಳೆಯ ಪಟ್ಟಿ ಮಾಡಿದವರಿಗೆ ಫೋಟೊಗಳ ಸಮೇತ ಬರೆದೆವು, ಅವರು ಸಂತೋಷದಿಂದ ತಿದ್ದಿಕೊಂಡರು. ಅವರು 141 ಹೆಸರು ಬರೆದಿಟ್ಟಿರದಿದ್ದರೆ ನಾವು ಆ ಗೋಡೆ ದಾಟಿ ಒಳಗೆ ಹೋಗುತ್ತಲೇ ಇರಲಿಲ್ಲ. ಅವರ ಪಟ್ಟಿಯಲ್ಲಿದ್ದ ಮೂರು ಕಲ್ಲುಗಳು ಈಗ ಸ್ಮಶಾನದಲ್ಲಿಲ್ಲ, ಅವರ ಬರಹದಲ್ಲಿ ಮಾತ್ರ ಇವೆ.

ಪ್ರಕಟಿಸುವಾಗ ಏಳು ಕಲ್ಲುಗಳ ಕೆಲವು ಸಾಲುಗಳನ್ನು ತಡೆಹಿಡಿದೆವು. ಗಂಡನ ಹೆಸರಿನ ಕೆಳಗೆ ಹೆಂಡತಿಯ ಹೆಸರು, ಹುಟ್ಟಿದ ದಿನ ಕೆತ್ತಿಸಿ ಸಾವಿನ ದಿನಕ್ಕೆ ಜಾಗ ಬಿಟ್ಟಿರುವ ಕಲ್ಲುಗಳು ಅವು. ಅವರು ಬದುಕಿದ್ದಾರೆ. ಸ್ಮಶಾನಕ್ಕೆ ಬಂದವರಿಗೆ ಆ ಸಾಲು ಕಾಣುತ್ತದೆ ಎಂದ ಮಾತ್ರಕ್ಕೆ ಪ್ರಪಂಚದ ಎಲ್ಲರ ಪರದೆಗೂ ಅದನ್ನು ಕಳಿಸಬೇಕಿಲ್ಲ.

4-12ರ ಎಡಕ್ಕೆ, ಒಂದು ಮಾರು ದೂರದಲ್ಲಿ, ಮೊಳದುದ್ದದ ಒಂದು ಕಲ್ಲಿದೆ, 4-11. ಅದರ ಮೇಲೆ ಎರಡೇ ಅಕ್ಷರ; ವರ್ಷವಿಲ್ಲ, ಬೇರೆ ಬರಹವಿಲ್ಲ. ಅಂಥ ಗಾತ್ರದ ಕಲ್ಲು ಮಗುವಿನದ್ದಾಗಿರಬಹುದು, ದೊಡ್ಡವರ ಪಾದದ ಕಡೆ ನೆಡುವ ಕಲ್ಲು ಜಾಗ ಬದಲಿಸಿ ಬಂದಿರಲೂಬಹುದು. ಎರಡರಲ್ಲಿ ಒಂದು ಅಕ್ಷರ ಆ ಮನೆತನದ ಹೆಸರಿನ ಮೊದಲ ಅಕ್ಷರವೇ. ಮರಿಮಗಳು ಬಂದು ನೋಡಿದರು, ‘ಇದು ಏಳನೆಯ ಮಗುವಿನದ್ದಿರಬಹುದೇ?’ ಎಂದು ಕೇಳಿದರು. ಎರಡು ದಿಕ್ಕಿನ ಬೆಳಕಿನಲ್ಲಿ ಫೋಟೊ ತೆಗೆದು, ಅಳತೆ ಬರೆದು, ಎರಡು ಅಕ್ಷರ ಬರೆದೆವು. ಹೆಸರಿನ ಕಾಲಂ ಖಾಲಿ ಇದೆ.